ಎಮ್ಮೆಯ ಹಾಲು, ನನ್ನ ಪುಡಿ

ಜೀವಂತ ಪ್ರಾಣಿಯ ಮೈಯೊಳಗೆ ಅಕ್ಕಿಕಾಳಿನಷ್ಟು ಯಂತ್ರ ಇಟ್ಟರೆ ಸಾಕಂತೆ, ರಕ್ತದಲ್ಲಿ ಏನು ಏರಿದೆ, ಏನು ಇಳಿದಿದೆ ಎಂದು ತಂತಿಯ ಹಂಗಿಲ್ಲದೆ ಹೊರಗೆ ತಿಳಿಸುತ್ತದಂತೆ. ಮೊನ್ನೆ ಪತ್ರಿಕೆಯಲ್ಲಿ ಓದಿ ನನಗೆ ಹೊಟ್ಟೆಕಿಚ್ಚೇ ಆಯಿತು. ಎಂಬತ್ತರ ದಶಕದ ಆರಂಭದಲ್ಲಿ ನಾನು ಹಡಗಲಿ ತಾಲ್ಲೂಕಿನಲ್ಲಿ ದನದ ಡಾಕ್ಟರಾಗಿ ಸೇರಿದಾಗ, ಎಮ್ಮೆಯ ಒಳಗಿನ ಸುದ್ದಿ ತಿಳಿಯಲು ನನ್ನ ಬಳಿ ಇದ್ದದ್ದು ಒಂದು ಥರ್ಮಾಮೀಟರು, ಒಂದು ಡಬ್ಬಿ ಬಿಳಿ ಪುಡಿ. ಈದ ಮೇಲೆ ಕೆಲವು ಎಮ್ಮೆಗಳು ರಕ್ತದ ಸಕ್ಕರೆ ಕುಸಿದು ಮೇವು ಬಿಡುತ್ತವೆ. ಅಂಥ ಎಮ್ಮೆಯ ಹಾಲು ನಾಲ್ಕು ಹನಿ ಬಿದ್ದರೆ ಪುಡಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಆ ಪುಡಿಯ ಮೇಲೆ ನನಗೆ ಮನೆದೇವರಿಗಿಂತ ಹೆಚ್ಚು ಭಕ್ತಿ.

ಇಟ್ಟಿಗಿಯ ಒಬ್ಬ ಅಜ್ಜಿ ಸಣ್ಣ ಬಾಟಲಿಯಲ್ಲಿ ಹಾಲು ತಂದಳು. ಅವಳಿಗೆ ಇದ್ದದ್ದು ಒಂದೇ ಎಮ್ಮೆ. ಈದು ವಾರವಾಗಿರಲಿಲ್ಲ, ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಹಾಲು ತುಸು ಹಳದಿಯಿತ್ತು. ಗಿಣ್ಣದ ಬಣ್ಣ ಇನ್ನೂ ಹೋಗಿಲ್ಲ ಎಂದುಕೊಂಡೆ. ಪುಡಿಯ ಮೇಲೆ ಹಾಕಿದೆ, ಕೆಂಪಾಯಿತು. ನೇರಳೆಯಲ್ಲ, ಕೆಂಪು. ಬೆಳಕು ಸರಿಯಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅವಳ ಜೊತೆ ಹೋಗಿ ಗ್ಲೂಕೋಸ್ ಏರಿಸಿ ಬಂದೆ. ಮರುದಿನ ಮತ್ತೆ ಹಾಲು, ಮತ್ತೆ ಕೆಂಪು, ಮತ್ತೆ ಗ್ಲೂಕೋಸ್.

ಮೂರನೆಯ ದಿನ ಎಮ್ಮೆಯ ಕಾಲುಗಳು ನಡುಗುತ್ತಿದ್ದವು. ಅಜ್ಜಿ ಅದರ ಬಾಯಿ ಮೂಸಿ, ಅಂಜುತ್ತಲೇ ಹೇಳಿದಳು: "ಸಾಹೇಬ್ರ, ಆ ಬ್ಯಾನಿ ಆದ್ರ ಬಾಯಾಗ ಮಾಗಿದ ಹಣ್ಣಿನ ವಾಸನಿ ಬರತೈತ್ರಿ. ಇದಕ್ಕ ಆ ವಾಸನಿ ಇಲ್ರಿ. ಮೈ ನೋಡಿದ್ರ ಸುಡಾಕತ್ತೈತಿ."

ನನಗೆ ಸಿಟ್ಟು ಬಂತು. ಓದಿ ಬಂದವನಿಗೆ ಮೂಗಿನ ಪಾಠವೇ ಎಂದು, ಅವಳ ಬಾಯಿ ಮುಚ್ಚಿಸಲೆಂದೇ ಕೆಚ್ಚಲಿನಿಂದ ನೇರವಾಗಿ ಪುಡಿಯ ಮೇಲೆ ಹಾಲು ಹಿಂಡಿದೆ. ಪುಡಿ ಬೆಳ್ಳಗೇ ಉಳಿಯಿತು.

ಹಾಗಾದರೆ ಬಾಟಲಿಯ ಹಾಲಿಗೆ ನೀನು ಏನು ಹಾಕಿದ್ದೆ ಎಂದು ಅಜ್ಜಿಯನ್ನು ಕೇಳಿದೆ. ಚಿಟಿಕೆ ಅರಿಷಿಣ ಅಂದಳು. ಈದ ಎಮ್ಮೆಯ ಹಾಲು ಹೊಸ್ತಿಲು ದಾಟುವಾಗ ಕೆಚ್ಚಲಿಗೆ ದೃಷ್ಟಿ ತಾಗಬಾರದೆಂದು ಎಲ್ಲರೂ ಹಾಕುವುದೇ. ಸೋಡಾ ಬೆರೆತ ನನ್ನ ಪುಡಿಗೆ ಅರಿಷಿಣ ಬಿದ್ದರೆ ಕೆಂಪಾಗದೆ ಇನ್ನೇನು? ನಮ್ಮ ಅವ್ವನೂ ಹಾಗೇ ಹಾಕುತ್ತಿದ್ದಳು. ನೋಡುತ್ತಲೇ ಬೆಳೆದ ನನಗೆ ಅದು ಹೊಳೆಯಲೇ ಇಲ್ಲ.

ಆಗ ಥರ್ಮಾಮೀಟರ್ ಇಟ್ಟೆ. ಮೊದಲ ದಿನವೇ ಇಡಬೇಕಿತ್ತು. ಜ್ವರ ಏರಿತ್ತು, ಕರು ಹಾಕಿದ ಮೇಲೆ ಬೀಳಬೇಕಾದ ಮಾಸಿನ ತುಂಡೊಂದು ಗರ್ಭದೊಳಗೇ ಉಳಿದು ಕೊಳೆತಿತ್ತು. ತೆಗೆದು ತೊಳೆದು, ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋಗಿ ಇಂಜೆಕ್ಷನ್ ತಂದು ಚುಚ್ಚಿದೆ. ಅಷ್ಟು ಹೊತ್ತೂ ಅಜ್ಜಿ ಎಮ್ಮೆಯ ಕೊರಳು ಸವರುತ್ತ ನಿಂತಿದ್ದಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಎರಡು ದಿನದ ಮೇಲೆ ಹೋದಾಗ ಎಮ್ಮೆ ಗೋದಲಿಗೆ ಮುಖ ಹಾಕಿ ಜೋಳದ ಸೊಪ್ಪೆ ಜಗಿಯುತ್ತಿತ್ತು. ನನ್ನನ್ನು ನೋಡಿದ್ದೇ ತಡ, ಅಜ್ಜಿ ಅದರ ಕೊರಳು ಹಿಡಿದು ಅಳಲು ಶುರು ಮಾಡಿದಳು. "ಇನ್ನೊಂದಿನ ಆ ಪುಡಿ ನಂಬಿಕೊಂಡು ಕುಂತಿದ್ರ ನನ್ನ ಎಮ್ಮಿ ಮಣ್ಣಾಗತಿತ್ತಲ್ಲೋ ತಮ್ಮಾ," ಎಂದಳು. ಆಮೇಲೆ ಬೈಗುಳ ನಿಲ್ಲಲಿಲ್ಲ. ಎಮ್ಮೆಯ ಜೀವ ನನ್ನ ಕೈಯಲ್ಲಿದ್ದಷ್ಟು ದಿನ ಸಾಹೇಬನನ್ನು ಬೈಯುವಂತಿರಲಿಲ್ಲವಲ್ಲ ಅವಳಿಗೆ. ನಾನು ತಲೆ ತಗ್ಗಿಸಿ ನಿಂತು ಪೂರ್ತಿ ಬೈಸಿಕೊಂಡೆ.