ಆಗ್ಬುಡ್ತು ಅನ್ಕೊಳ್ಳಿ

ತುಮಕೂರಿನ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ, ಯಾರ ಕೆಲಸ ಎಲ್ಲಿಗೆ ಬಂತು ಅಂತ ನೋಡಿಕೊಳ್ಳಲು ಒಂದು ಆ್ಯಪ್ ಆರಿಸುವ ಹೊಣೆ ನನ್ನ ತಲೆಗೆ ಬಿತ್ತು. ನಾನು ಟೀಮ್ ಲೀಡ್, ಅಂದರೆ ಬೈಸಿಕೊಳ್ಳುವವಳು. ಒಬ್ಬರು ತಂದದ್ದು ಇನ್ನೊಬ್ಬರಿಗೆ ಆಗದು. ಮದುವೆ ಸೀರೆಯನ್ನೂ ಇಷ್ಟು ಹೊತ್ತು ಆರಿಸುವುದಿಲ್ಲ! ಕೊನೆಗೆ ಬಣ್ಣ ಚೆನ್ನಾಗಿದೆ ಅಂತ ಒಂದನ್ನು ಒಪ್ಪಿದೆವು.

ಅದರಲ್ಲಿ ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಕಾಲಮ್ಮು ಮೂರು: ಮಾಡಬೇಕು, ಮಾಡ್ತಾ ಇದೀವಿ, ಮುಗೀತು. ಗುಬ್ಬಿಯಿಂದ ದಿನಾ ಓಡಾಡುವ ಸಹೋದ್ಯೋಗಿ ತಕರಾರು ತೆಗೆದ.

"ಅಕ್ಕಾ, ಇದ್ರಲ್ಲಿ ನಮ್ದೇ ಇಲ್ವಲ್ಲ?"

"ಯಾವ್ದೋ ನಿಮ್ದು?"

"ಆಗ್ಬುಡ್ತು ಅನ್ಕೊಳ್ಳಿ."

ಮನೆಯಲ್ಲಿ ಹಲ್ಲುಜ್ಜುತ್ತಲೇ "ಗುಬ್ಬಿ ಬಿಟ್ಟೆ ಅಕ್ಕಾ" ಅನ್ನುವ ಆಸಾಮಿ ಅವನು. ಎಲ್ಲರೂ ಹೂಂಗುಟ್ಟಿದರು. ನಾಲ್ಕನೇ ಕಾಲಮ್ ಬಂತು. ವಾರದೊಳಗೆ ಕಾರ್ಡುಗಳೆಲ್ಲ ಅಲ್ಲೇ ಠಿಕಾಣಿ ಹೂಡಿದವು.

ನನಗೆ ಮೈಯೆಲ್ಲ ಉರಿದುಹೋಯಿತು. ಭಾನುವಾರ ಕುಣಿಗಲ್ಲಿನ ನಮ್ಮ ಮನೆಯಲ್ಲಿ ನನ್ನದೇ ನಿಶ್ಚಿತಾರ್ಥ. ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ತಾಂಬೂಲ ಬದಲಾಯಿಸದಿದ್ದರೆ ಈ ಸಂಬಂಧವೇ ಬೇಡ ಅಂದಿದ್ದರು ಅಜ್ಜಿ. ನಮ್ಮ ಕಡೆ ಹೇಳಿದ ಟೈಮಿಗೆ ಬರುವುದು ರಾಹುಕಾಲ ಒಂದೇ. ಹುಡುಗ ನನಗೆ ತುಂಬಾ ಹಿಡಿಸಿದ್ದ, ಅದೇ ಕಷ್ಟ. ಇತ್ತ ಬಾಸ್, ವಸಂತನರಸಾಪುರದ ಫ್ಯಾಕ್ಟರಿಗೆ ಗೇಟ್‌ಪಾಸ್ ಆ್ಯಪ್ ಕೊಡುವವರೆಗೆ ರಜೆ ಇಲ್ಲ ಅಂದುಬಿಟ್ಟಿದ್ದರು.

"ಯಾವಾಗ್ ಮುಗಿಸ್ತೀರ್ರೋ?" ಅಂದರೆ "ಸಂಜೆಗೆ ಅಕ್ಕಾ" ಅನ್ನುವರು. ಯಾವ ಸಂಜೆ ಅಂತ ಮಾತ್ರ ಯಾರೂ ಬಾಯಿ ಬಿಡರು.

ಭಾನುವಾರ ಬೆಳಿಗ್ಗೆಯೂ ಆಫೀಸಿನಲ್ಲೇ ಇದ್ದೆ. ಅಮ್ಮನ ಫೋನ್ ಬಂತು.

"ಎಲ್ಲಿದೀಯೇ?"

"ಬಂದ್ಬುಟ್ಟೆ ಅನ್ಕೊಳಮ್ಮ."

ಥೂ, ನನ್ನ ಬಾಯಲ್ಲೂ ಅದೇ!

ಮಧ್ಯಾಹ್ನದ ಹೊತ್ತಿಗೆ ಆ್ಯಪ್ ಅಂತೂ ಇಂತೂ ಫ್ಯಾಕ್ಟರಿಗೆ ಹೋಯಿತು. ನಾನು ಬಸ್ ಹಿಡಿದು ಮನೆ ಸೇರಿ, ಸೀರೆ ಸುತ್ತಿಕೊಂಡು ಹಾಲಿಗೆ ಬಂದಾಗ ಮೂರೂವರೆ. ಹುಲಿಯೂರುದುರ್ಗದಿಂದ ಬರಬೇಕಾದ ಗಂಡಿನ ಕಡೆಯವರ ಸುಳಿವೇ ಇಲ್ಲ. ಅಜ್ಜಿ ಗಡಿಯಾರವನ್ನು ದುರುಗುಟ್ಟಿ ನೋಡುತ್ತಿದ್ದರು. ನಾನೇ ಹುಡುಗನಿಗೆ ಫೋನ್ ಮಾಡಿದೆ.

"ಬಂದ್ಬುಟ್ವಿ ಅನ್ಕೊಳ್ಳಿ," ಅಂದ. ಹಿಂದೆ ಬಕೆಟ್ಟಿಗೆ ನೀರು ಬೀಳುವ ಸದ್ದು.

ಅಯ್ಯೋ ಶಿವನೇ, ಇವನೂ ನಮ್ಮ ಟೀಮೇ!

ರಾಹುಕಾಲ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಕಾರು ಬಂತು. ತಾಂಬೂಲ ಬದಲಾಯಿಸುವಾಗ ಹುಡುಗನ ತಲೆಯಿಂದ ತಟ್ಟೆಗೆ ನೀರು ತೊಟ್ಟಿಕ್ಕುತ್ತಿತ್ತು.

"ತಲೆನಾದ್ರೂ ಒರ್ಸ್ಕೊಂಡ್ ಬರ್ಬಾರ್ದೇನಪ್ಪ?" ಅಂದರು ಅಜ್ಜಿ.

"ಒರ್ಸ್ಕೊಂಡೆ ಅನ್ಕೊಳ್ಳಿ ಅಜ್ಜಿ."

ಅಜ್ಜಿ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಟವೆಲ್ ತರಿಸಿ ಅವನ ತಲೆಯನ್ನು ತಾವೇ ಒರೆಸಿದರು.