ಒಂಟಿಕಾಲಿನ ಸ್ಟ್ಯಾಂಡೂ ನನ್ನ ಸುಳ್ಳೂ

ಇದನ್ನು ಹೇಳಲು ನಾಚಿ ಇಷ್ಟು ವರ್ಷ ಮುಂದೂಡಿದೆ. ಅಂಬತ್ತೂರಿನಲ್ಲಿ ತಂಗಿಯ ಮಗಳ ಮದುವೆ. ಫೋಟೊ ತೆಗೆಯುವ ಹೊಣೆ ನನ್ನದು. ನನ್ನ ಕೈ ನಡುಗುತ್ತದೆಂದು ಕ್ಯಾಮೆರಾಕ್ಕೆ ಆಸರೆಯಾಗಿ ಮಾನೊಪಾಡ್, ಅಂದರೆ ಒಂಟಿಕಾಲಿನ ಸ್ಟ್ಯಾಂಡ್, ಕೊಂಡಿದ್ದೆ. ಪುರೋಹಿತರು "ಗಟ್ಟಿಮೇಳ!" ಎಂದದ್ದೇ ತಡ, ಅಭ್ಯಾಸಬಲದಿಂದ ಎಲ್ಲರಂತೆ ನಾನೂ ಎರಡೂ ಕೈಯಿಂದ ಅಕ್ಷತೆ ಹಾಕಿದೆ. ಬಿಟ್ಟರೆ ಒಂಟಿಕಾಲು ನಿಂತೀತೇ? ಕ್ಯಾಮೆರಾ ಬಿದ್ದು ಬಾಯಿ ಬಿಟ್ಟಿತು; ಬೆಳಕು ಬಿದ್ದು ರೀಲು ಹಾಳಾಯಿತು. ಮಾಂಗಲ್ಯಧಾರಣೆಯ ಫೋಟೊ ಇಲ್ಲವೆಂದು ತಂಗಿ ಅಳತೊಡಗಿದಳು.

"ಪಕ್ಕದ ಮಾಮಿ ಕಾಲು ತಗುಲಿಸಿದರಮ್ಮ" ಎಂದುಬಿಟ್ಟೆ.

ಗಂಡಿನ ಕಡೆಯ ಆ ಮುದುಕಿ ಗಾಬರಿಯಾಗಿ, "ತಗುಲಿತೋ ಏನೋ, ತಪ್ಪಾಯ್ತಮ್ಮಾ, ಮನ್ನಿಚ್ಚುಕೋ" ಎಂದು ತಂಗಿಯ ಕೈ ಹಿಡಿದರು.

ಆಮೇಲೆ ಯಾವ ಸಮಾರಂಭದಲ್ಲಿ ನನ್ನನ್ನು ಕಂಡರೂ ಅವರು ಸೀರೆ ಒಟ್ಟುಮಾಡಿ, ಕಾಲು ಒಳಗೆಳೆದುಕೊಂಡು ಕೂರುತ್ತಿದ್ದರು. ನಾನು ಕೊನೆಗೂ ಕ್ಷಮೆ ಕೇಳದೇಹೋದ ಆ ಹಿರಿಯ ಜೀವ, ರುಕ್ಮಿಣಿ ಮಾಮಿ.