ಫಳಫಳಮ್ಮನ ಸೌಟು

ಅವಳನ್ನು ಕಾರ್ಖಾನೆಯವರೆಲ್ಲ ಕರೆಯುತ್ತಿದ್ದದ್ದು ಫಳಫಳಮ್ಮ ಅಂತ. ಊಟದ ಡಬ್ಬಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಹೊಳೆಯಲೇಬೇಕು. ಅಂಥವಳ ಕೈಗೆ ಬೆಸುಗೆ ಯಂತ್ರ ಬಂತು ನೋಡಿ! ತೊಟ್ಟಿಯಲ್ಲಿ ಕರಗಿದ ಲೋಹ ಅಲೆಯಾಗಿ ಉಕ್ಕುತ್ತದೆ, ಅದನ್ನು ಸವರಿಕೊಂಡು ರೇಡಿಯೋ ಬೋರ್ಡುಗಳು ಸಾಗುತ್ತವೆ. ಗಾಳಿ ತಾಗಿದ ಲೋಹದ ಮೇಲೆ ಬೂದು ಬಣ್ಣದ ಕಿಟ್ಟ ಕಟ್ಟುತ್ತದೆ. ಕಿಟ್ಟ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಸೌಟು ಹಿಡಿದು ಬಾಚಿದ್ದೇ ಬಾಚಿದ್ದು. ಆದರೂ ಅವಳ ಪಾಳಿಯಲ್ಲೇ ಕಿಟ್ಟದ ಡಬ್ಬಿ ತುಂಬಿ ತುಳುಕುತ್ತಿತ್ತು.

"ಒಳ್ಳೇ ಲೋಹ ಎಲ್ಲಾ ಹಾಳಾಗ್ತಿದೆಯಮ್ಮ. ಈ ವಾರವೂ ಹೀಗೇ ಆದ್ರೆ ನೀವು ಪ್ಯಾಕಿಂಗ್‌ಗೆ ಹೋಗ್ಬೇಕಾಗುತ್ತೆ," ಅಂದರು ಸೂಪರ್‌ವೈಸರ್.

"ಇಷ್ಟು ಕ್ಲೀನ್ ಮಾಡೋಳಿಗೇ ಈ ಮಾತಾ ಸಾರ್?"

ಆ ಬೆಳ್ಳಿ ಬಣ್ಣದ ಅಲೆ ಅಂದರೆ ಅವಳಿಗೆ ಪ್ರಾಣ. ಹಟಕ್ಕೆ ಬಿದ್ದು ಇನ್ನಷ್ಟು ಬಾಚಿದಳು. ಡಬ್ಬಿ ಇನ್ನಷ್ಟು ಬೇಗ ತುಂಬಿತು.

ಸಂಜೆ ಮನೆಯಲ್ಲಿ ಒಲೆಯ ಮುಂದೆ ನಿಂತು, ಅದೇ ಸಿಟ್ಟಿನಲ್ಲಿ ಹಾಲಿನ ಕೆನೆ ತೆಗೆದಳು. ಮತ್ತೆ ಕಟ್ಟಿತು, ಮತ್ತೆ ತೆಗೆದಳು.

ಅತ್ತೆ ರೇಗಿದರು. "ಅಯ್ಯೋ, ಬಿಡೇ ಮಾರಾಯ್ತಿ! ನೀನು ತೆಗೆದಷ್ಟೂ ಅದು ಕಟ್ಟುತ್ತೆ. ಕೊನೆಗೆ ಕುಡಿಯೋಕೆ ಹಾಲೇ ಇರಲ್ಲ!"

ಚಮಚ ಹಿಡಿದ ಕೈ ಹಾಗೇ ನಿಂತಿತು. ತೊಟ್ಟಿಯಲ್ಲೂ ಇದೇ ಅಲ್ಲವೇ ಆಗುತ್ತಿರುವುದು! ಬಾಚಿದಾಗೆಲ್ಲ ಹೊಸ ಲೋಹ ಗಾಳಿಗೆ ತೆರೆದುಕೊಳ್ಳುತ್ತಿತ್ತು, ಸೌಟಿನ ಜೊತೆ ಒಳ್ಳೆಯದೂ ಎದ್ದು ಬರುತ್ತಿತ್ತು.

ಮರುದಿನ ಅಲೆಯ ದಾರಿಗೆ ಅಡ್ಡ ಬಂದ ಕಿಟ್ಟವನ್ನಷ್ಟೇ ಸರಿಸಿದಳು. ಉಳಿದ ಕಡೆ ತೆಳು ಪದರ ಹಾಗೇ ಹೊದ್ದುಕೊಂಡಿರಲಿ ಅಂತ ಬಿಟ್ಟಳು. ಬೋರ್ಡು ಬರದಿದ್ದಾಗ ಅಲೆಯನ್ನೇ ನಿಲ್ಲಿಸಿದಳು. ಕೈ ಕೇಳಬೇಕಲ್ಲ? ತುರಿಸುತ್ತಲೇ ಇತ್ತು. ಕೊನೆಗೆ ಸೌಟನ್ನು ದೂರದ ಗೂಟಕ್ಕೆ ನೇತುಹಾಕಿ, ಆ ಬೂದು ಪದರದ ಕಡೆ ನೋಡದೆ ಹಲ್ಲು ಕಚ್ಚಿ ನಿಂತಳು.

ಪಾಳಿ ಮುಗಿಯುವಾಗ ಸೂಪರ್‌ವೈಸರ್ ಡಬ್ಬಿಗೆ ಬಗ್ಗಿದರು. ತಳ ಕಾಣುತ್ತಿತ್ತು. ಬೋರ್ಡುಗಳನ್ನು ತಿರುಗಿಸಿ ನೋಡಿದರು; ಒಂದು ಬೆಸುಗೆಯೂ ಕೆಟ್ಟಿರಲಿಲ್ಲ.

"ಏನಮ್ಮ, ಇವತ್ತು ಕ್ಲೀನ್ ಮಾಡ್ಲೇ ಇಲ್ವಾ?"

"ಮಾಡ್ದೆ ಸಾರ್. ಸುಮ್ನಿದ್ದು ಮಾಡ್ದೆ. ಸಾಕುಸಾಕಾಯ್ತು!"

ಅವರು ಜೋರಾಗಿ ನಕ್ಕರು. ಗೂಟದಲ್ಲಿದ್ದ ಸೌಟನ್ನು ತಂದು ಅವಳ ಕೈಗೇ ಕೊಟ್ಟರು. "ಇಟ್ಕೊಳ್ಳಿ. ನಾಳೇನೂ ಇದು ನಿಮ್ದೇ."

ಖುಷಿಗೆ ಏನು ಮಾಡಬೇಕೋ ತೋಚಲಿಲ್ಲ ಅವಳಿಗೆ. ಬಟ್ಟೆ ತಗೊಂಡು ಆ ಸೌಟನ್ನೇ ಫಳಫಳ ಅನ್ನುವಂತೆ ಉಜ್ಜತೊಡಗಿದಳು.